ಹಳೆಯ ಭಾವಚಿತ್ರ ಮತ್ತು ಕಿರುಭಾವಚಿತ್ರಗಳ ಸಂಗ್ರಹ, ಹರಾಜು (ಹಾವೇರಿ ಸೀಮೆ)

ನಿಜವಾಗಿ ಬಾಳಿ ಬದುಕಿದ ವ್ಯಕ್ತಿಯೊಬ್ಬರ ಮುಖವನ್ನು ಗುರುತು ಸಿಗುವಂತೆ ಬರೆದ ಹಳೆಯ ಚಿತ್ರಗಳನ್ನು ಹುಡುಕಿ ಕೊಳ್ಳುವ, ಕಾಪಾಡುವ, ಹರಾಜಿನಲ್ಲಿ ಮಾರುವ ವ್ಯವಹಾರ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಕಾಗದ, ಚರ್ಮ ಅಥವಾ ಆನೆದಂತದ ಮೇಲೆ ಬರೆದ ಚಿತ್ರ ಕಿರುಭಾವಚಿತ್ರ. ಗೋಡೆಗೆ ತೂಗುಹಾಕುವ ತೈಲಚಿತ್ರ, ಚಿನ್ನದ ರೇಕಿನ ಮೈಸೂರು ಚಿತ್ರ, ಬಣ್ಣ ತುಂಬಿದ ಫೋಟೋ ಇವೆಲ್ಲ ದೊಡ್ಡ ಭಾವಚಿತ್ರದ ಬಗೆಗಳು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಕಲಾಕೃತಿಗಳನ್ನು ಹರಾಜು ಹಾಕುವ ಸಂಸ್ಥೆ ಇಲ್ಲ. ಆದರೂ ಈ ಊರುಗಳನ್ನು ಪ್ರತ್ಯೇಕವಾಗಿ ನೋಡಲು ಕಾರಣವಿದೆ. ಉತ್ತರಕ್ಕೆ ವಿಜಯಪುರದ ದಖನಿ ಕಿರುಚಿತ್ರ, ದಕ್ಷಿಣಕ್ಕೆ ಮೈಸೂರಿನ ಆಸ್ಥಾನ ಚಿತ್ರ, ಪಶ್ಚಿಮದಿಂದ ಬಂದ ಮುಂಬಯಿ ಕಲಾಶಾಲೆಯ ತೈಲಚಿತ್ರ ಎಂಬ ಮೂರು ಪರಂಪರೆಗಳ ನಡುವೆ ಈ ಸೀಮೆ ಇದೆ. ಮೆಣಸಿನಕಾಯಿ, ಹತ್ತಿ, ಬೀಜದ ವ್ಯಾಪಾರದಲ್ಲಿ ಕೈ ಆಡಿದ ಮನೆಗಳ ಪಡಸಾಲೆಗಳಲ್ಲಿ ಕಟ್ಟು ಹಾಕಿಸಿದ ಅಜ್ಜ ಮುತ್ತಜ್ಜರ ಚಿತ್ರಗಳು ಈಗಲೂ ತೂಗುತ್ತಿವೆ. ಮನೆ ಪಾಲಾದಾಗ, ಹಳೆಯ ತೊಲೆ ಕಂಬ ಕೆಡವಿ ಆರ್‌ಸಿಸಿ ಕಟ್ಟಿದಾಗ, ಅವು ಗುಜರಿಯವರ ಕೈ ಸೇರಿ ನಗರಗಳತ್ತ ಹೊರಡುತ್ತವೆ. ಹೊರಡುವಾಗ ಕಳೆದುಹೋಗುವುದು ಚಿತ್ರವಲ್ಲ, ಚಿತ್ರದಲ್ಲಿದ್ದವರ ಹೆಸರು. ಸಂಗ್ರಹದ ಲೋಕದಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದೂ ಆ ಹೆಸರೇ.

ದಖನಿ ಪರಂಪರೆ ಮತ್ತು ಸವಣೂರು

ಕನ್ನಡ ನೆಲದಲ್ಲಿ ವ್ಯಕ್ತಿಯ ಮುಖವನ್ನೇ ಮುಖ್ಯ ಮಾಡಿ ಬರೆದ ಕಿರುಚಿತ್ರಗಳು ಅರಳಿದ್ದು ಆದಿಲ್‌ಶಾಹಿ ವಿಜಯಪುರದಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ (1580–1627) ಅಲಿ ರಿಜಾ, ಫರ್ರುಖ್ ಬೇಗ್ ಮುಂತಾದವರು ಸುಲ್ತಾನನನ್ನು ವೀಣೆಯಂಥ ತಂತಿವಾದ್ಯ ಹಿಡಿದವನಾಗಿ, ಹೂದೋಟದಲ್ಲಿ ನಿಂತವನಾಗಿ ಬರೆದರು. 1680ರ ಸುಮಾರಿಗೆ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಬರೆದ, ಆದಿಲ್‌ಶಾಹಿ ಅರಸರೆಲ್ಲರನ್ನು ಒಂದೇ ಸಾಲಿನಲ್ಲಿ ಕೂರಿಸಿದ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಗೋಲ್ಕೊಂಡದ ಚಿತ್ರಕಾರರು ಯುರೋಪಿನ ವರ್ತಕರಿಗೆಂದೇ ದಖನಿನ ಅರಸರು, ಸರದಾರರ ಮುಖಗಳ ಸರಣಿಗಳನ್ನು ಬರೆದುಕೊಟ್ಟರು. ಆಮ್‌ಸ್ಟರ್‌ಡ್ಯಾಮಿನ ನಿಕೊಲಾಸ್ ವಿಟ್ಸನ್ ಹೆಸರಿನ ಅಂಥ ಒಂದು ಆಲ್ಬಂ ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಹಾಗಾಗಿ ಭಾರತದ ಭಾವಚಿತ್ರಗಳನ್ನು ಹೊರಗಿನವರು ಸಂಗ್ರಹಿಸುವ ರೂಢಿಗೆ ಮುನ್ನೂರು ವರ್ಷ ಮೀರಿದ ವಯಸ್ಸಾಗಿದೆ.

ವಿಜಯಪುರ 1686ರಲ್ಲಿ ಔರಂಗಜೇಬನ ವಶವಾದ ಮೇಲೆ ಚಿತ್ರಕಾರರು ಚಿಕ್ಕ ಆಸ್ಥಾನಗಳ ಆಶ್ರಯ ಅರಸಿದರು. ಸುರಪುರದ ಗರುಡಾದ್ರಿ ಮನೆತನದವರ ಚಿತ್ರಗಳು ಈ ಹಿನ್ನೆಲೆಯವು. ಕರ್ನೂಲು, ಕಡಪಗಳ ಜೊತೆಗೆ ಇಂದಿನ ಹಾವೇರಿ ಜಿಲ್ಲೆಯ ಸವಣೂರೂ ಪಠಾಣ ನವಾಬರ ಆಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಅದು ಪುಟ್ಟ ಸಂಸ್ಥಾನವಾಗಿ ಉಳಿದಿತ್ತು. ಉತ್ತರಕಾಲದ ದಖನಿ ಭಾವಚಿತ್ರಗಳು ಹರಾಜಿಗೆ ಬಂದಾಗ ಇಂಥ ಊರುಗಳ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ನೋಡುವುದು ಒಳಿತು. ಈ ಚಿತ್ರಗಳಿಗೆ ಒಂದು ಸಿದ್ಧ ಮಾದರಿ ಇದೆ: ಪಕ್ಕನೋಟದ ಮುಖ, ಒಂದು ಕೈಯಲ್ಲಿ ಹೂ, ಇನ್ನೊಂದು ಕೈ ಕತ್ತಿಯ ಹಿಡಿಯ ಮೇಲೆ, ಹಿಂದೆ ಚಪ್ಪಟೆ ಹಸಿರು ಅಥವಾ ನೀಲಿ. ನೋಡಬೇಕಾದದ್ದು ನಿಲುವಂಗಿಯ ಕಸೆಯನ್ನು. ಆಸ್ಥಾನದ ರೂಢಿಯಲ್ಲಿ ಮುಸಲ್ಮಾನರು ಜಾಮಾ ಎಂಬ ಈ ನಿಲುವಂಗಿಯನ್ನು ಬಲಗಡೆ ಕಟ್ಟುತ್ತಿದ್ದರು, ಹಿಂದೂಗಳು ಎಡಗಡೆ. ಹಿಂಬದಿಯಲ್ಲಿ ಪಾರಸಿ ಅಥವಾ ಮೋಡಿ ಲಿಪಿಯಲ್ಲಿ ಬರೆದ ಹೆಸರೊಂದಿದ್ದು, ಆ ಹೆಸರಿಗೂ ಕಸೆಗೂ ಹೊಂದದಿದ್ದರೆ, ಹೆಸರು ಆಮೇಲೆ ಯಾರೋ ಬರೆದದ್ದಿರಬೇಕೆಂಬ ಗುಮಾನಿ ಸಹಜ.

ದಂತದ ಮೇಲಿನ ಮುಖಗಳು

ಯುರೋಪಿನ ಕಿರುಭಾವಚಿತ್ರದ ದಾರಿ ಬೇರೆ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೋಲ್ಬೈನ್, ನಿಕೊಲಾಸ್ ಹಿಲಿಯಾರ್ಡ್ ಮುಂತಾದವರು ನುಣುಪು ಕರುಚರ್ಮವನ್ನು ಇಸ್ಪೀಟು ಎಲೆಯ ಮೇಲೆ ಅಂಟಿಸಿ, ಅದರ ಮೇಲೆ ಬರೆಯುತ್ತಿದ್ದರು. 1700ರ ಸುಮಾರಿಗೆ ವೆನಿಸ್ಸಿನ ಚಿತ್ರಕಾರ್ತಿ ರೊಸಾಲ್ಬಾ ಕರಿಯೇರಾ ತೆಳುವಾಗಿ ಕೊಯ್ದ ಆನೆದಂತವನ್ನು ಬಳಕೆಗೆ ತಂದರು. ದಂತ ಜಲವರ್ಣವನ್ನು ಸುಲಭಕ್ಕೆ ಹೀರುವುದಿಲ್ಲ. ಅದಕ್ಕೇ ಚುಕ್ಕೆಯ ಪಕ್ಕ ಚುಕ್ಕೆ, ಗೀರಿನ ಪಕ್ಕ ಗೀರು ಇಟ್ಟು ಮುಖ ಕಟ್ಟಬೇಕು. ಕೆಳಗಿನ ದಂತದ ಬಿಳುಪೇ ಚರ್ಮದ ಹೊಳಪಾಗಿ ಮೇಲೆ ಬರುತ್ತದೆ. 1839ರಲ್ಲಿ ಡಗೇರನ ಛಾಯಾಚಿತ್ರ ವಿಧಾನ ಪ್ರಕಟವಾದ ಮೇಲೆ ಈ ಕಸುಬಿನ ಗಿರಾಕಿಗಳು ಬೇಗ ಕರಗಿದರು.

ಭಾರತಕ್ಕೆ ಬಂದ ಕಿರುಚಿತ್ರಕಾರರಲ್ಲಿ ಸಂಗ್ರಾಹಕರು ಹೆಚ್ಚು ಹುಡುಕುವುದು ಜಾನ್ ಸ್ಮಾರ್ಟ್‌ನನ್ನು. ಅವನು 1785ರಿಂದ 1795ರವರೆಗೆ ಮದರಾಸಿನಲ್ಲಿದ್ದ. ಆ ಹತ್ತು ವರ್ಷ ಬರೆದ ಚಿತ್ರಗಳಲ್ಲಿ ತನ್ನ ಮೊದಲಕ್ಷರಗಳು, ಇಸವಿ ಇವುಗಳ ಜೊತೆಗೆ ಇಂಡಿಯಾ ಎಂಬುದಕ್ಕೆ ‘ಐ’ ಅಕ್ಷರವನ್ನೂ ಸೇರಿಸುತ್ತಿದ್ದ. ಭೂತಗನ್ನಡಿ ಹಿಡಿದರಷ್ಟೇ ಕಾಣುವ ಆ ಒಂದು ಗೀಟು ಚಿತ್ರ ಎಲ್ಲಿ ಹುಟ್ಟಿತು ಎಂಬುದನ್ನು ತೀರ್ಮಾನಿಸುತ್ತದೆ. ಮೈಸೂರಿನ ಮೇಲೆ ನಡೆದ ಯುದ್ಧಗಳಿಗೆ ಹೋದ ಕಂಪನಿಯ ಅಧಿಕಾರಿಗಳು ಹೊರಡುವ ಮೊದಲು ಇಂಥವರ ಮುಂದೆ ಕುಳಿತು ಬರೆಸಿಕೊಂಡು, ಚಿತ್ರವನ್ನು ಮನೆಯವರಿಗೆ ಕಳಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ದಿಲ್ಲಿಯ ದಂತಚಿತ್ರಗಳು ಬೇರೆ ಜಾತಿ. ಪ್ರವಾಸಿಗಳಿಗೆಂದು ಮುಮ್ತಾಜ್, ನೂರ್‌ಜಹಾನ್ ಹೆಸರಿನಲ್ಲಿ ರಾಶಿರಾಶಿ ತಯಾರಾದ ಇವು ಯಾರನ್ನೂ ಎದುರು ಕೂರಿಸಿ ಬರೆದವಲ್ಲ. ಕುಸುರಿ ಚೆಂದವೇ, ಆದರೆ ಭಾವಚಿತ್ರವೆಂದು ಬೆಲೆ ಕೊಡಬಾರದು. ಇದೇ ಮಾತು ಕಾಗಿನೆಲೆಯ ಕನಕದಾಸರ, ಸರ್ವಜ್ಞನ ಚಿತ್ರಗಳಿಗೂ ಅನ್ವಯಿಸುತ್ತದೆ. ಭಕ್ತಿಯಿಂದ, ಕಲ್ಪನೆಯಿಂದ ಹುಟ್ಟಿದ ಆ ಮುಖಗಳ ಸಾಂಸ್ಕೃತಿಕ ಮಹತ್ವ ದೊಡ್ಡದು, ಆದರೆ ಅವುಗಳ ವರ್ಗ ಬೇರೆ.

ಮೈಸೂರಿನ ಆಸ್ಥಾನ ಮತ್ತು ಒಂದು ಚಿತ್ರದ ಮರುಹುಟ್ಟು

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಮೈಸೂರು ಚಿತ್ರಶೈಲಿ ದೇವರಷ್ಟೇ ಶ್ರದ್ಧೆಯಿಂದ ಮನುಷ್ಯರನ್ನೂ ಬರೆಯಿತು. ಜಗನ್ಮೋಹನ ಅರಮನೆಯ ರಂಗಮಹಲಿನಲ್ಲಿ ಒಡೆಯರ ವಂಶವನ್ನು ಕಮಲದ ದಳಗಳಲ್ಲಿ ಕೂರಿಸಿದ ‘ಸಂತಾನಾಂಬುಜ’ ಅದಕ್ಕೆ ಸಾಕ್ಷಿ. 1885ರಲ್ಲಿ ಚಾಮರಾಜ ಒಡೆಯರ ಕರೆಯ ಮೇಲೆ ರಾಜಾ ರವಿವರ್ಮ ಮೈಸೂರಿಗೆ ಬಂದು ರಾಜಮನೆತನದವರ ತೈಲಚಿತ್ರ ಬರೆದರು. ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪ (1886–1965) ದಂತದ ಮೇಲಿನ ಕಿರುಭಾವಚಿತ್ರದಲ್ಲಿಯೂ ಕೈ ಪಳಗಿಸಿಕೊಂಡಿದ್ದರು. ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದಲ್ಲಿ 1934ರಿಂದ 1945ರವರೆಗೆ ಬರೆದ ದಸರಾ ಮೆರವಣಿಗೆಯ 26 ಚಿತ್ರಗಳಲ್ಲಿ ಕಾಣುವವರು ನಿಜವಾದ ಜನ. ಫೋಟೋಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ತಿದ್ದಿದ ಕೆಲಸವದು.

ಹರಾಜು ಲೋಕಕ್ಕೆ ಮೈಸೂರು ಕೊಟ್ಟ ಅತಿ ದೊಡ್ಡ ಪಾಠ ಐರಿಷ್ ಕಲಾವಿದ ಥಾಮಸ್ ಹಿಕಿಯ ಒಂದು ಚಿತ್ರದ್ದು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರಿನವರ ಮುಖಗಳನ್ನು ಬರೆದ ಹಿಕಿ ದಿವಾನ್ ಪೂರ್ಣಯ್ಯನವರನ್ನೂ ಬರೆದಿದ್ದಾನೆ. 1805ರ ಸುಮಾರಿನ ಇನ್ನೊಂದು ಕ್ಯಾನ್ವಾಸಿನಲ್ಲಿ ಮೂವರು ಹೆಂಗಸರು ನಿಂತಿದ್ದಾರೆ. ಮೈತುಂಬ ಒಡವೆ, ಭಾರಿ ಸೀರೆ. ಬಹುಕಾಲ ಇವರನ್ನು ನಾಟ್ಯದವರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜಲ್ ಚಾನ್ಸೆಲರ್ ಇವರು ಮೈಸೂರು ರಾಜಮನೆತನದ ಸ್ತ್ರೀಯರೆಂದು ವಾದಿಸಿದರು. ಬಾಲಕ ಕೃಷ್ಣರಾಜರ ಇಬ್ಬರು ಪತ್ನಿಯರು ಮತ್ತು ರಾಜ್ಯವನ್ನು ಉಳಿಸಿಕೊಂಡ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ ಎಂಬುದು ಅವರ ಗುರುತು. ವಾದದ ಆಧಾರ ಚಿತ್ರದಲ್ಲಿಯೇ ಇದೆ. ಒಬ್ಬಾಕೆ ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಿದ್ದಾಳೆ, ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಇನ್ನೊಬ್ಬಾಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮ ಬಣ್ಣಗೆಟ್ಟಿದೆ. ಅದು ಸಿಡುಬಿನ ಹುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಕಲೆ. ಭಾರತದಲ್ಲಿ ಮೊದಲ ಲಸಿಕೆ ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಮೂರೇ ವರ್ಷದಲ್ಲಿ ಅಂತಃಪುರದ ಹೆಣ್ಣುಮಕ್ಕಳು ಅದನ್ನು ಹಾಕಿಸಿಕೊಂಡು, ಜನರಿಗೆ ಧೈರ್ಯ ಬರಲೆಂದು ಚಿತ್ರ ಬರೆಸಿಕೊಂಡರು ಎಂಬ ಓದು ಒಂದು ಅಲಂಕಾರದ ಚಿತ್ರವನ್ನು ಚರಿತ್ರೆಯ ದಾಖಲೆಯಾಗಿ ಮಾಡಿತು. ಈ ಚಿತ್ರ 2007ರಲ್ಲಿ ಸೋದಬೀಸ್ ಹರಾಜಿಗೆ ಬಂದಾಗ ಅದರ ಜೊತೆ ಈ ಹೆಸರುಗಳೂ ಇದ್ದವು. ಬಣ್ಣ ಅದೇ, ಕುಂಚ ಅದೇ. ಬದಲಾದದ್ದು ಇವರು ಯಾರು ಎಂಬ ಅರಿವು ಮಾತ್ರ.

ಮುಂಬಯಿ ಕರ್ನಾಟಕದ ಪಡಸಾಲೆ

1956ರ ಏಕೀಕರಣದವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಚಿತ್ರಕಲೆಯ ಅರ್ಹತೆ ಎಂದರೆ ಮುಂಬಯಿ ಜೆ.ಜೆ. ಕಲಾಶಾಲೆಯ ಪರೀಕ್ಷೆಗಳು ಎಂಬ ಕಾಲವದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದುಗಿನಲ್ಲಿ ವಿಜಯ ಕಲಾಮಂದಿರದ ಟಿ.ಪಿ. ಅಕ್ಕಿ ಅವರಂಥ ಗುರುಗಳ ಕೈಕೆಳಗೆ ಕಲಿತವರು ಊರೂರಲ್ಲಿ ಡ್ರಾಯಿಂಗ್ ಮಾಸ್ತರರಾದರು, ಬೋರ್ಡ್ ಬರೆದರು, ನಾಟಕದ ಪರದೆ ಬರೆದರು, ಶ್ರೀಮಂತರ ಮನೆಗೆ ಭಾವಚಿತ್ರವನ್ನೂ ಬರೆದುಕೊಟ್ಟರು. ಕಲೆಯ ಇತಿಹಾಸ ಇವರ ಹೆಸರುಗಳನ್ನು ಹೆಚ್ಚಾಗಿ ದಾಖಲಿಸಿಲ್ಲ. ಅದು ದೊಡ್ಡ ಅನ್ಯಾಯ, ಏಕೆಂದರೆ ಈ ಸೀಮೆಯ ಎರಡು ಮೂರು ತಲೆಮಾರುಗಳ ಮುಖಚರ್ಯೆ ಉಳಿದಿರುವುದು ಅವರ ಕೈಯಲ್ಲಿ.

ಈ ಭಾಗದ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಮೂರು ಬಗೆ. ಮೊದಲನೆಯದು ಕ್ಯಾನ್ವಾಸ್ ಅಥವಾ ಹಲಗೆಯ ಮೇಲಿನ ತೈಲಚಿತ್ರ: ಜರತಾರಿ ರುಮಾಲು, ಮುಚ್ಚುಕತ್ತಿನ ಕೋಟು, ಹಣೆಯಲ್ಲಿ ವಿಭೂತಿ, ಪಕ್ಕದ ಮೇಜಿನ ಮೇಲೆ ಹೂದಾನಿ. ಎರಡನೆಯದು ಫೋಟೋವನ್ನು ದೊಡ್ಡದು ಮಾಡಿ, ಅದರ ಮೇಲೆ ಇದ್ದಿಲುಕಡ್ಡಿಯಿಂದಲೋ ಬಣ್ಣದಿಂದಲೋ ತಿದ್ದಿದ್ದು. ಇಲ್ಲಿ ಮುಖ ಫೋಟೋದ್ದು. ಸೀರೆಯ ದಡಿ, ಬುಗುಡಿ, ವಂಕಿ, ಕೈಬಳೆ ಎಲ್ಲ ಕಲಾವಿದ ಬರೆದದ್ದು. ತೀರಿಕೊಂಡವರಿಗೆ ಬದುಕಿದ್ದಾಗ ಇಲ್ಲದ ಒಡವೆ ತೊಡಿಸಿದ ಚಿತ್ರಗಳೂ ಉಂಟು, ಮಕ್ಕಳ ಪ್ರೀತಿಯ ಗುರುತು ಅದು. ಮೂರನೆಯದು ಮಠಾಧೀಶರ ಚಿತ್ರ. ರಾಣೆಬೆನ್ನೂರು ತಾಲೂಕಿನಲ್ಲಿ ಹುಟ್ಟಿ ಶಿವಯೋಗಮಂದಿರ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು (1867–1930), ಹಾನಗಲ್ಲ ತಾಲೂಕಿನವರೇ ಆದ ಗಾನಯೋಗಿ ಪಂಚಾಕ್ಷರ ಗವಾಯಿಗಳು (1892–1944) ಇವರ ಚಿತ್ರಗಳು ಪೂಜೆಯ ಮಾಡಿನಲ್ಲಿರುತ್ತವೆ. ಅವನ್ನು ಯಾರೂ ಮಾರಲು ತೆಗೆಯುವುದಿಲ್ಲ, ತೆಗೆಯಲೂಬಾರದು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಂಥ ಹೋರಾಟಗಾರರ ಚಿತ್ರಗಳು ಶಾಲೆ, ಕಚೇರಿಗಳ ಗೋಡೆಯ ಮೇಲೆ ಉಳಿದಿವೆ. ಇವುಗಳ ಜೊತೆ ರವಿವರ್ಮ ಪ್ರೆಸ್ಸಿನ ಅಚ್ಚಿನ ಚಿತ್ರಗಳೂ ಹೇರಳ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ಮುದ್ರಣಾಲಯದ ಹಳೆಯ ಪ್ರತಿಗಳಿಗೆ ಈಗ ತಮ್ಮದೇ ಸಂಗ್ರಾಹಕರಿದ್ದಾರೆ.

ಹರಾಜು ನಡೆಯುವ ಬಗೆ

ಹರಾಜು ಈ ಸೀಮೆಗೆ ಹೊಸದಲ್ಲ. ಜಾತ್ರೆಯಲ್ಲಿ ದೇವರ ತೆಂಗಿನಕಾಯಿ, ಸೀರೆ ಸವಾಲಿಗೆ ಹೋಗುತ್ತವೆ. ಲಿಲಾವು ಎಂಬ ಮಾತು ಹಳಬರ ಬಾಯಲ್ಲಿ ಇನ್ನೂ ಇದೆ. ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಖರೀದಿದಾರರು ಚೀಲಚೀಲಕ್ಕೂ ಕೈ ಹಾಕಿ, ಬಣ್ಣ, ಸುಕ್ಕು, ತೇವ ನೋಡಿ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ದರ ಒಗ್ಗದಿದ್ದರೆ ರೈತ ಮಾಲು ಕೊಡದೆ ಉಳಿಸಿಕೊಳ್ಳಬಹುದು. ಕಲಾಕೃತಿಯ ಹರಾಜಿನಲ್ಲಿ ಸವಾಲು ಬಹಿರಂಗವಾಗಿ ಏರುತ್ತದೆ. ಆದರೆ ರೈತನ ಆ ನಿರಾಕರಣೆಯ ಹಕ್ಕು ಇಲ್ಲಿಯೂ ಇದೆ. ಮಾರುವವರು ಮೊದಲೇ ಗುಟ್ಟಾಗಿ ಒಂದು ಕನಿಷ್ಠ ಬೆಲೆ ಗೊತ್ತುಮಾಡುತ್ತಾರೆ. ಸವಾಲು ಅಲ್ಲಿಗೆ ಮುಟ್ಟದಿದ್ದರೆ ಚಿತ್ರ ವಾಪಸು ಬರುತ್ತದೆ. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಪ್ರೀಮಿಯಂ, ತೆರಿಗೆ, ಸಾಗಾಟ, ವಿಮೆ ಸೇರುತ್ತವೆ. ಹೊಸಬರ ಲೆಕ್ಕ ತಪ್ಪುವುದು ಇಲ್ಲೇ.

ಲಂಡನ್ನಿನ ಸೋದಬೀಸ್ (1744), ಕ್ರಿಸ್ಟೀಸ್ (1766), ಬಾನಮ್ಸ್ (1793) ಈ ವ್ಯಾಪಾರದ ಹಳೆಯ ಮನೆಗಳು. ಭಾರತದಲ್ಲಿ ಮುಂಬಯಿಯ ಪಂಡೋಲ್ಸ್, ಸ್ಯಾಫ್ರನ್‌ಆರ್ಟ್, ಆಸ್ತಗುರು, ಬೆಂಗಳೂರಿನ ಬಿಡ್ ಆಂಡ್ ಹ್ಯಾಮರ್ ಹೆಸರು ಮಾಡಿವೆ. 2023ರಲ್ಲಿ ಪಂಡೋಲ್ಸ್ ಹರಾಜಿನಲ್ಲಿ ರವಿವರ್ಮರ ‘ಯಶೋದಾ ಮತ್ತು ಕೃಷ್ಣ’ 38 ಕೋಟಿ ರೂಪಾಯಿಗೆ ಹೋಯಿತು. ಅದನ್ನು ಓದಿ ಮನೆಯ ಅಟ್ಟದ ಮೇಲಿನ ಚಿತ್ರಕ್ಕೂ ಲಕ್ಷಗಳ ಕನಸು ಕಾಣುವುದು ತರವಲ್ಲ. ಹೆಸರಿಲ್ಲದ ಕಲಾವಿದ ಬರೆದ ಹೆಸರಿಲ್ಲದ ಹಿರಿಯರ ಚಿತ್ರಕ್ಕೆ ಹೊರಗಿನ ಮಾರುಕಟ್ಟೆಯಲ್ಲಿ ಎಷ್ಟೋ ಸಲ ಹಳೆಯ ಸಾಗವಾನಿ ಕಟ್ಟಿನ ಬೆಲೆಯಷ್ಟೇ ಸಿಗುವುದು.

ಹರಾಜಿನ ಕ್ಯಾಟಲಾಗನ್ನು ಕರಾರುಪತ್ರ ಓದುವ ಎಚ್ಚರದಿಂದ ಓದಬೇಕು. ಕಲಾವಿದನ ಹೆಸರನ್ನು ನೇರವಾಗಿ ಕೊಟ್ಟಿದ್ದರೆ ಸಂಸ್ಥೆ ಆ ಹೆಸರಿನ ಹೊಣೆ ಹೊರುತ್ತದೆ. ‘ಇಂಥವರದೆಂದು ಹೇಳಲಾದ’, ‘ಇಂಥವರ ಬಳಗದ’, ‘ಇಂಥವರ ಶೈಲಿಯ’, ‘ಇಂಥವರ ಚಿತ್ರದ ಪ್ರತಿ’ ಎನ್ನುತ್ತ ಹೋದಂತೆ ಹೊಣೆ ಕಡಿಮೆಯಾಗುತ್ತದೆ, ಬೆಲೆಯೂ. ಚಿತ್ರದಲ್ಲಿರುವವರ ಹೆಸರಿಗೂ ಇದೇ ಮೆಟ್ಟಿಲುಗಳು.

ಅಸಲಿ, ನಕಲಿ

ಹಳೆಯ ಲೆಕ್ಕದ ಪುಸ್ತಕದ ಹಾಳೆ, ಪಾರಸಿ ಹಸ್ತಪ್ರತಿಯ ಪುಟಗಳ ಮೇಲೆ ಹೊಸದಾಗಿ ಬರೆದ ‘ಕಿರುಚಿತ್ರ’ಗಳು ಮಾರುಕಟ್ಟೆಯಲ್ಲಿ ತುಂಬಿವೆ. ಕಾಗದ ನಿಜಕ್ಕೂ ಹಳೆಯದು, ಮೋಸ ಇರುವುದು ಅದರ ಮೇಲಿನ ಬಣ್ಣದಲ್ಲಿ. ಬರವಣಿಗೆಯ ಮಸಿ ಚಿತ್ರದ ಅಡಿಯಲ್ಲಿ ಹಾದುಹೋಗಿದ್ದರೆ, ಅಥವಾ ಕಾಗದದ ಹುಳುತೂತಿನ ಅಂಚಿನ ಒಳಗೆ ಬಣ್ಣ ಇಳಿದಿದ್ದರೆ, ಚಿತ್ರ ಆಮೇಲಿನದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಒಂದೇ ಗಾತ್ರದ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು. ದಂತಕ್ಕೂ ಮೂಳೆಗೂ ವ್ಯತ್ಯಾಸ ತಿಳಿಯಲು ಓರೆ ಬೆಳಕು ಸಾಕು: ದಂತದಲ್ಲಿ ನವಿರಾದ ಗೆರೆಗಳ ಎಳೆ, ಒಂಟೆಮೂಳೆಯಲ್ಲಿ ಕಪ್ಪನೆಯ ಸಣ್ಣ ಸಣ್ಣ ಗುಳಿಗಳು. ಮೈಸೂರು ಚಿತ್ರದಲ್ಲಿ ರೇಕು ಕೂರಿಸಲು ಎತ್ತರಿಸಿದ ಗೆಸ್ಸೊ ಕೆಲಸ ತಂಜಾವೂರಿನದಕ್ಕಿಂತ ತಗ್ಗು, ತೆಳು. ದಪ್ಪ ಉಬ್ಬು ಕಂಡಲ್ಲಿ ಮೈಸೂರಿನದೆಂಬ ಮಾತನ್ನು ಪ್ರಶ್ನಿಸಬೇಕು.

ಕಾನೂನು

1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆ ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ನೂರು ವರ್ಷ ತುಂಬಿದ ಚಿತ್ರ ಪುರಾತನ ವಸ್ತು. ಕಿರುಚಿತ್ರಗಳೂ ಸೇರಿದಂತೆ ಅಂಥ ಚಿತ್ರಗಳನ್ನು ನೋಂದಾಯಿಸಬೇಕು. ವ್ಯಾಪಾರ ಮಾಡಲು ಪರವಾನಗಿ ಬೇಕು. ದೇಶದೊಳಗೆ ಮಾರಬಹುದು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ. ರವಿವರ್ಮರ ಕೃತಿಗಳು ಕಲಾನಿಧಿಯೆಂದು ಘೋಷಿತವಾಗಿರುವುದರಿಂದ ವಯಸ್ಸು ಎಷ್ಟೇ ಇರಲಿ, ಹೊರಗೆ ಹೋಗುವಂತಿಲ್ಲ. ಹಾವೇರಿ ಸೀಮೆಯ ಹೊಲಗದ್ದೆಗಳಲ್ಲಿ ಸಿಗುವ ವೀರಗಲ್ಲುಗಳಿಗೂ ಇದೇ ಕಾಯಿದೆ. ಅವು ಸಂಗ್ರಾಹಕರ ಸರಕಲ್ಲ.

ದಂತದ ವಿಷಯ ಇನ್ನೂ ಬಿಗಿ. ವನ್ಯಜೀವಿ ಕಾಯಿದೆಯ 1986 ಮತ್ತು 1991ರ ತಿದ್ದುಪಡಿಗಳ ನಂತರ ಭಾರತದಲ್ಲಿ ಆನೆದಂತದ ವ್ಯಾಪಾರವಿಲ್ಲ, ಮುತ್ತಜ್ಜಿಯ ಪದಕದೊಳಗಿನ ಮುಖವಾದರೂ ಸರಿ. ಬ್ರಿಟನ್ನಿನಲ್ಲಿ 2022ರ ಜೂನ್‌ನಲ್ಲಿ ಜಾರಿಯಾದ ದಂತ ಕಾಯಿದೆ 1918ಕ್ಕೆ ಮುಂಚಿನ, 320 ಚದರ ಸೆಂಟಿಮೀಟರ್ ಮೀರದ ಕಿರುಭಾವಚಿತ್ರಗಳಿಗೆ ನೋಂದಣಿಯ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ಜಾನ್ ಸ್ಮಾರ್ಟ್‌ನ ಮದರಾಸು ಮುಖಗಳು ಲಂಡನ್ನಿನಲ್ಲಿ ಇನ್ನೂ ಕೈ ಬದಲಾಯಿಸಲು ಸಾಧ್ಯವಾಗಿರುವುದು ಅದರಿಂದ.

ಕಾಪಾಡುವುದು

ಈ ಭಾಗದ ಚಿತ್ರಗಳ ಶತ್ರುಗಳು ಮಳೆಗಾಲದ ಗೋಡೆಯ ತೇವ, ಗೆದ್ದಲು, ಬೆಳ್ಳಿಹುಳು, ದೀಪದ ಹೊಗೆ. ಗಾಜಿಗೆ ಚಿತ್ರ ನೇರ ತಾಗಿದ್ದರೆ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ. ನಡುವೆ ದಪ್ಪ ಕಾಗದದ ಅಂಚು ಕೊಟ್ಟು ಕಟ್ಟು ಹಾಕಿಸಬೇಕು. ಒದ್ದೆ ಬಟ್ಟೆ, ಆಲೂಗಡ್ಡೆ, ಎಣ್ಣೆಯಿಂದ ಉಜ್ಜುವ ಮನೆಮದ್ದು ತೈಲಚಿತ್ರದ ಮೇಲ್ಪದರವನ್ನೇ ಕಿತ್ತುಬಿಡುತ್ತದೆ. ಕೆಟ್ಟ ಚಿತ್ರಗಳಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರ, ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯಗಳಲ್ಲಿ ತಿಳಿದವರಿದ್ದಾರೆ. ಹೋಲಿಸಿ ನೋಡಿ ಕಣ್ಣು ಪಳಗಿಸಿಕೊಳ್ಳಲು ಜಗನ್ಮೋಹನ ಅರಮನೆ, ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಒಳ್ಳೆಯ ಜಾಗಗಳು. ಹತ್ತಿರದಲ್ಲಿ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಮುಂಬಯಿ ಕರ್ನಾಟಕದ ಮನೆಗಳ ಭಾವಚಿತ್ರಗಳನ್ನು ಹಳ್ಳಿಹಳ್ಳಿಗೆ ಹೋಗಿ ದಾಖಲಿಸುವ ಕೆಲಸಕ್ಕೆ ಅದಕ್ಕಿಂತ ಸೂಕ್ತವಾದ ನೆಲೆ ಇನ್ನೊಂದಿಲ್ಲ.

ಮನೆಯವರೇ ಮಾಡಬಹುದಾದ ದಾಖಲೆಯ ಕ್ರಮ ಸರಳವಾಗಿದೆ. ಚಿತ್ರವನ್ನು ಮುಂದಿನಿಂದಲೂ ಹಿಂದಿನಿಂದಲೂ ಫೋಟೋ ತೆಗೆಯಬೇಕು. ಕಟ್ಟು ಹಾಕಿದ ಅಂಗಡಿಯ ಚೀಟಿ, ಸ್ಟುಡಿಯೋದ ಮುದ್ರೆ, ಮೂಲೆಯಲ್ಲಿನ ಸಹಿ ಯಾವುದನ್ನೂ ಕೆರೆಯಬಾರದು, ಹರಿಯಬಾರದು. ಚಿತ್ರದಲ್ಲಿರುವವರ ಹೆಸರು, ಊರು, ಮನೆತನ, ಗೊತ್ತಿದ್ದರೆ ಬರೆದವರ ಹೆಸರು ಮತ್ತು ವರ್ಷ, ಇದನ್ನು ಯಾರು ಹೇಳಿದರು ಎಂಬುದು ಇಷ್ಟನ್ನು ಬೇರೆ ಚೀಟಿಯಲ್ಲಿ ಬರೆದು ಕಟ್ಟಿನ ಹಿಂಬದಿಯ ಲಕೋಟೆಯಲ್ಲಿಡಬೇಕು. ಚಿತ್ರದ ಬೆನ್ನ ಮೇಲೆ ಬಾಲ್‌ಪೆನ್ ಆಡಿಸಿದರೆ ಮುಂದೆ ಗೆರೆ ಮೂಡುತ್ತದೆ. ಮಹಿಳೆಯರ ಚಿತ್ರಗಳಲ್ಲಿ ‘ಇಂಥವರ ಹೆಂಡತಿ’ ಎಂದಷ್ಟೇ ಉಳಿದಿರುವುದು ಸಾಮಾನ್ಯ. ಆಕೆಯ ಸ್ವಂತ ಹೆಸರನ್ನು, ತವರಿನ ಹೆಸರನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿಕೊಳ್ಳಬೇಕು. ಮಾರುವುದೇ ಆದರೆ, ಹರಾಜು ಸಂಸ್ಥೆ ಮೊದಲು ಕೇಳುವುದು ಒಡೆತನದ ಪುರಾವೆಯನ್ನು. ಪಾಲುಪತ್ರದಲ್ಲಿ ಹೊಲ, ಮನೆ, ಬಂಗಾರ, ದನಕರುಗಳ ಲೆಕ್ಕ ಇರುತ್ತದೆ, ಗೋಡೆಯ ಮೇಲಿನ ಅಜ್ಜನ ಲೆಕ್ಕ ಇರುವುದಿಲ್ಲ. ಹಾಗಿರುವಾಗ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸಹಿ ಹಾಕಿದ ಒಪ್ಪಿಗೆಪತ್ರ ಮಾಡಿಸಿ, ಎಲ್ಲ ಮನೆಗಳಿಗೂ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ತೆಗೆಸಿಕೊಟ್ಟ ಮೇಲೆಯೇ ಮೂಲವನ್ನು ಗೋಡೆಯಿಂದ ಇಳಿಸುವುದು ಸರಿ.